ಮನಸ್ಸಿನ ಮಾತ್ರೆ ಚಟವಾಗಿಬಿಡುತ್ತಾ?

ಪ್ರಶ್ನೆ: ನನಗೆ 68 ವರ್ಷ. ಯಜಮಾನರು ತೀರಿಕೊಂಡ ಮೇಲೆ ಊಟ ಸೇರುತ್ತಿರಲಿಲ್ಲ, ಯಾರ ಜೊತೆಗೂ ಮಾತು ಬೇಡ ಅನಿಸುತ್ತಿತ್ತು. ಮನೋವೈದ್ಯರು ಖಿನ್ನತೆಗೆ ಎಸಿಟಲೋಪ್ರಾಮ್ ಶುರು ಮಾಡಿದರು, ನಿದ್ದೆಗೆ ರಾತ್ರಿ ಅರ್ಧ ಕ್ಲೊನಜೆಪಾಮ್. ಬಿಪಿ ಮಾತ್ರೆ ಮೊದಲಿನಿಂದಲೂ ಇದೆ. ಎಂಟು ತಿಂಗಳಲ್ಲಿ ಎಷ್ಟೋ ಸುಧಾರಿಸಿದೆ. ಆದರೆ ಮಗ, ‘ಇವೆಲ್ಲ ಚಟ ಆಗುತ್ತವೆ, ಬಿಟ್ಟುಬಿಡಮ್ಮ’ ಅನ್ನುತ್ತಾನೆ. ಅವನಿಗೆ ಕಾಣದ ಹಾಗೆ ಹೊಲಿಗೆ ಡಬ್ಬಿಯಲ್ಲಿಟ್ಟು ನುಂಗುತ್ತಿದ್ದೆ. ಕೊನೆಗೆ ಬೇಸರವಾಗಿ ಎಸಿಟಲೋಪ್ರಾಮ್ ನಿಲ್ಲಿಸಿದೆ. ನಾಲ್ಕನೇ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತಿದೆ. ನಿದ್ದೆ ಮಾತ್ರೆ ಬಿಟ್ಟಿಲ್ಲ, ಅದು ಅರ್ಧವೇ ಅಲ್ವಾ. ನನಗೆ ಚಟ ಹತ್ತಿಬಿಟ್ಟಿದೆಯಾ?

ಉತ್ತರ: ಅಮ್ಮಾ, ಇವತ್ತೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಎಷ್ಟು ದಿನದಿಂದ ಮಾತ್ರೆ ಬಿಟ್ಟಿದ್ದೀರಿ, ಏನೇನು ಆಗುತ್ತಿದೆ, ಎಲ್ಲ ಮುಚ್ಚುಮರೆ ಇಲ್ಲದೆ ಹೇಳಿ. ಮತ್ತೆ ಯಾವಾಗ, ಎಷ್ಟು ಶುರು ಮಾಡಬೇಕು ಅಂತ ಅವರೇ ಹೇಳಲಿ. ತಪ್ಪಿದ ದಿನಗಳದ್ದನ್ನು ಸೇರಿಸಿ ಎರಡೆರಡು ನುಂಗಬೇಡಿ. ಗೊಂದಲ, ವಿಪರೀತ ಮಂಪರು, ‘ಬದುಕೇ ಬೇಡ’ ಅನ್ನುವ ಯೋಚನೆ, ಇವುಗಳಲ್ಲಿ ಯಾವುದೇ ಬಂದರೂ ಫೋನಿಗೆ ಕಾಯದೆ ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ಇನ್ನು ಚಟದ ಮಾತು. ಎಸಿಟಲೋಪ್ರಾಮ್ ವಿಷಯದಲ್ಲಿ ಆ ಭಯ ಬೇಡ. ಚಟ ಅಂದರೆ ಅದಕ್ಕಾಗಿ ಹಂಬಲಿಸುವುದು, ಒಂದು ಸಾಲದೆ ಎರಡು ಬೇಕೆನಿಸುವುದು. ಎಂಟು ತಿಂಗಳಲ್ಲಿ ನಿಮಗೆ ಒಮ್ಮೆಯೂ ಹಾಗೆ ಅನಿಸಿದ ಹಾಗೆ ಕಾಣುವುದಿಲ್ಲ. ಈಗ ಆಗುತ್ತಿರುವುದು ಬೇರೆ. ದಿನಾ ಸಿಗುತ್ತಿದ್ದ ಔಷಧಕ್ಕೆ ಮಿದುಳು ಹೊಂದಿಕೊಂಡಿತ್ತು, ಅದು ದಿಢೀರ್ ನಿಂತಿತು. ಆಗ ತಲೆಸುತ್ತು, ವಾಕರಿಕೆ, ಸಿಡುಕು, ನೀವು ಹೇಳಿದ ಆ ಕರೆಂಟ್ ಹೊಡೆತ, ಎಲ್ಲ ಬರುತ್ತವೆ. ಬಿಟ್ಟ ಕೆಲವೇ ದಿನಕ್ಕೆ ಬಂದರೆ ಸಾಮಾನ್ಯವಾಗಿ ಇದೇ ಕಾರಣ. ಹಳೆಯ ಖಿನ್ನತೆ ಮರಳುವುದಾದರೆ ವಾರಗಟ್ಟಲೆ ಸಮಯ ತೆಗೆದುಕೊಂಡು ನಿಧಾನಕ್ಕೆ ಬರುತ್ತದೆ. ಇಷ್ಟು ಬೇಗ ಬಿಡಲು ಹೊರಟಿದ್ದೂ ಸರಿಯಲ್ಲ. ಮನಸ್ಸು ಪೂರ್ತಿ ಚೇತರಿಸಿಕೊಂಡ ಮೇಲೂ ಆರು ತಿಂಗಳಿಂದ ಒಂದು ವರ್ಷ, ನಿಮ್ಮ ವಯಸ್ಸಿನವರಿಗೆ ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಮುಂದುವರಿಸಲು ಹೇಳುತ್ತಾರೆ. ಆಮೇಲೂ ಡೋಸ್ ಇಳಿಸುತ್ತಾ ಇಳಿಸುತ್ತಾ ನಿಲ್ಲಿಸುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆಯಾಗಿದ್ದು ‘ಅರ್ಧವೇ ಅಲ್ವಾ’ ಅನ್ನುವ ಮಾತಿಗೆ. ಚಟವಾಗುವ ಹಾಗೆ ದೇಹ ಅಭ್ಯಾಸ ಮಾಡಿಕೊಳ್ಳುವುದು ಆ ಇನ್ನೊಂದು ಮಾತ್ರೆಗೆ, ಕ್ಲೊನಜೆಪಾಮ್‌ಗೆ. ವಯಸ್ಸಾದವರ ದೇಹದಿಂದ ಅದು ಬೇಗ ಹೊರಗೆ ಹೋಗುವುದಿಲ್ಲ. ರಾತ್ರಿ ನುಂಗಿದ್ದರ ಮಂಪರು ಮಾರನೇ ದಿನವೂ ಉಳಿಯಬಹುದು. ನಡುರಾತ್ರಿ ಬಾತ್‌ರೂಮಿಗೆ ಎದ್ದಾಗ ಕಾಲು ನೆಲದ ಮೇಲೆ ಸರಿಯಾಗಿ ಕೂರುವುದಿಲ್ಲ, ಕೈ ಗೋಡೆ ಹುಡುಕುತ್ತದೆ, ಬಾಗಿಲು ಎತ್ತ ಇದೆ ಅಂತ ಒಂದು ಕ್ಷಣ ತೋಚುವುದಿಲ್ಲ. ಸೊಂಟದ ಮೂಳೆ ಮುರಿಯುವುದಕ್ಕೆ ಅಷ್ಟು ಸಾಕು. ಮರೆವು, ಗೊಂದಲವೂ ಹೆಚ್ಚಬಹುದು. 65 ದಾಟಿದವರಿಗೆ ಆದಷ್ಟು ಕೊಡಬಾರದ ಔಷಧಗಳ ‘ಬೀರ್ಸ್ ಪಟ್ಟಿ’ಯಲ್ಲಿ ಈ ಗುಂಪಿನ ಮಾತ್ರೆಗಳಿವೆ. ಅಮೆರಿಕದ ವೃದ್ಧರ ವೈದ್ಯಕೀಯ ಸಂಘ ಪರಿಷ್ಕರಿಸುತ್ತಾ ಬಂದಿರುವ ಪಟ್ಟಿ ಅದು. ಹಾಗಂತ ಇದನ್ನು ಓದಿ ಇವತ್ತು ರಾತ್ರಿಯೇ ನಿಲ್ಲಿಸಿಬಿಡಬೇಡಿ. ದಯವಿಟ್ಟು. ತಿಂಗಳುಗಟ್ಟಲೆ ತೆಗೆದುಕೊಂಡಿದ್ದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ‘ಇದು ನನಗೆ ಇನ್ನೂ ಬೇಕಾ, ಹೇಗೆ ಕಡಿಮೆ ಮಾಡೋಣ’ ಅಂತ ವೈದ್ಯರನ್ನು ಕೇಳಿ. ಸ್ವಲ್ಪ ಸ್ವಲ್ಪವೇ ಇಳಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಬಿಪಿ ಮಾತ್ರೆಯ ಹೆಸರನ್ನೂ ಅವರಿಗೆ ಓದಿ ಹೇಳಿ. ಮೂತ್ರ ಜಾಸ್ತಿ ಹೋಗಿಸುವ ಬಗೆಯದ್ದಾದರೆ, ಎಸಿಟಲೋಪ್ರಾಮ್ ಜೊತೆ ಸೇರಿ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಸುಸ್ತು, ತಲೆನೋವು, ಗೊಂದಲ ಅದರ ಲಕ್ಷಣಗಳು. ವಯಸ್ಸಾಯಿತಲ್ಲ ಅಂತ ಮನೆಯವರು ಸುಮ್ಮನಾಗಿಬಿಡುತ್ತಾರೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಕೇಳಿ ಮಾಡಿಸಿಕೊಳ್ಳಿ. ಮಂಡಿನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸುಮ್ನೆ ನುಂಗಬೇಡಿ. ಎಸಿಟಲೋಪ್ರಾಮ್ ಜೊತೆಗೆ ಅವು ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಮಾತ್ರೆಗಳನ್ನು ಹೊಲಿಗೆ ಡಬ್ಬಿಯಿಂದ ಹೊರಗೆ ತನ್ನಿ ಅಮ್ಮಾ. ನಾಳೆ ನೀವು ಬಿದ್ದು, ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಏನು ತೆಗೆದುಕೊಳ್ಳುತ್ತಿದ್ದಾರೆ ಅಂತ ವೈದ್ಯರು ಕೇಳುವುದು ನಿಮ್ಮ ಮಗನನ್ನೇ. ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅವನ ಕೈಗೂ ಒಂದು ಕೊಡಿ.

ಅವನ ಭಯ ಪೂರ್ತಿ ಸುಳ್ಳಲ್ಲ, ಯಾವ ಮಾತ್ರೆಗೆ ಹೆದರಬೇಕು ಅನ್ನುವುದು ಅದಲುಬದಲಾಗಿದೆ ಅಷ್ಟೇ. ಹಾಗಾಗಿ ಜಗಳ ಬೇಡ, ಮುಂದಿನ ಸಲ ವೈದ್ಯರ ಬಳಿ ಜೊತೆಗೆ ಕರೆದುಕೊಂಡು ಹೋಗಿ. ಅವನ ಪ್ರಶ್ನೆಗಳನ್ನು ಅವನೇ ಕೇಳಲಿ. ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ, ಆದರೆ ಹೋಗುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.