ಪಾಪಕ್ಕೆ ಸಮಾನಪದ ಹುಡುಕಿ ನಾನು ಕೆಟ್ಟದ್ದು

ಕ್ರೈಸ್ತ ದೇವಶಾಸ್ತ್ರ ಹೇಳುವ ಪಾಪಕ್ಕೆ ಮನಶ್ಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಸಮನಾದ ಪರಿಕಲ್ಪನೆ ಯಾವುದು ಎಂದು ಕೇಳಿದ್ದೀರಿ. ಪ್ರಬಂಧಕ್ಕೆ ಅಂತ ಕಾಣುತ್ತದೆ. ನಾನೂ ಇದೇ ಹೊಂಡಕ್ಕೆ ಬಿದ್ದವನು.

ಮಂಗಳೂರಲ್ಲಿ ಓದುವಾಗ ಒಂದು ಕೋಷ್ಟಕ ಮಾಡಿದ್ದೆ. ಎಡಕ್ಕೆ ಪಾಪಗಳು, ನಡುವೆ ಮನಶ್ಶಾಸ್ತ್ರ, ಬಲಕ್ಕೆ ಸಮಾಜಶಾಸ್ತ್ರ. ಕುಡಿತ ಅಂದರೆ ವ್ಯಸನ, ಕಳ್ಳತನ ಅಂದರೆ ಬಡತನ. ಗೈಡಿಗೂ ಖುಷಿಯಾಗಿತ್ತು.

ಕ್ಷೇತ್ರಕಾರ್ಯಕ್ಕೆ ಹೋದ ಮನೆಯಲ್ಲಿ ಅಕ್ಕ ಒಬ್ಬರು ಬೀಡಿ ಕಟ್ಟುತ್ತಿದ್ದರು. ಬೀಡಿ ಕಂಪೆನಿಯ ಬ್ರಾಂಚಿನವರು ಕೊಡುವ ಎಲೆ ಅವರು ಹೇಳಿದಷ್ಟು ಬೀಡಿಗೆ ಸಾಲುತ್ತಿರಲಿಲ್ಲ. ಕಡಿಮೆ ಬಿದ್ದದ್ದನ್ನು ಕೈಯಿಂದ ದುಡ್ಡು ಹಾಕಿ ತರಬೇಕು. ಅಕ್ಕ ದಿನಾ ಪಕ್ಕದ ಮನೆ ಹುಡುಗಿಯ ಗೆರಸೆಯಿಂದ ಒಂದು ಹಿಡಿ ಎಲೆ ತೆಗೆಯುತ್ತಿದ್ದರಂತೆ. "ಪಾಪ ಅಲ್ವಾ ಬ್ರದರ್?" ಎಂದು ಕೇಳಿದರು. "ತಪ್ಪು ನಿಮ್ಮದಲ್ಲ ಅಕ್ಕ, ವ್ಯವಸ್ಥೆಯದ್ದು" ಅಂದೆ. ಅವರು ಕತ್ತರಿ ಕೆಳಗಿಟ್ಟರು. "ಎಲೆ ತೆಗೆದ ಕೈ ನನ್ನದು. ಅದನ್ನೂ ಕಂಪೆನಿಗೇ ಕೊಡ್ತೀರಾ?"

ಸಮಾಜಶಾಸ್ತ್ರ ಸುಳ್ಳು ಅಂತಲ್ಲ. ಎಲೆ ಕಡಿಮೆ ಕೊಡುವುದು ಅನ್ಯಾಯವೇ. ನಾನು ಕೆಟ್ಟದ್ದು ಒಂದನ್ನು ತೆಗೆದು ಇನ್ನೊಂದನ್ನು ಇಟ್ಟದ್ದರಲ್ಲಿ. ಹಾಗೆ ಇಟ್ಟ ಕೂಡಲೇ ಎಲೆ ಕಳಕೊಂಡ ಹುಡುಗಿ ನನ್ನ ಕೋಷ್ಟಕದಿಂದಲೇ ಮಾಯವಾದಳು. ಅಕ್ಕ ಕ್ಷಮೆ ಕೇಳಬೇಕಾದದ್ದು ಅವಳ ಹತ್ತಿರ. ನಾನು ಕೇಳುವುದೇ ಬೇಡ ಅಂದುಬಿಟ್ಟೆ. ಕನ್ನಡದಲ್ಲಿ 'ಅಯ್ಯೋ ಪಾಪ' ಅಂದರೆ ಕನಿಕರ ನೋಡಿ, ಅಕ್ಕನ ಪಾಪವನ್ನು ನಾನು 'ಅಯ್ಯೋ ಪಾಪ' ಮಾಡಿಬಿಟ್ಟಿದ್ದೆ. ಮನುಷ್ಯ ಸಿಕ್ಕಿಬಿದ್ದವನೂ ಹೌದು, ಮಾಡಿದವನೂ ಹೌದು. ಐದನೇ ಶತಮಾನದಲ್ಲಿ, ಪಾಪ ಹುಟ್ಟಿನಿಂದಲೇ ಅಂಟಿದೆ ಎಂದ ದೇವಶಾಸ್ತ್ರಜ್ಞ ಅಗಸ್ಟೀನ್, ಮನುಷ್ಯ ತನ್ನ ಇಚ್ಛೆಯಿಂದಲೇ ಪಾಪ ಬಿಡಬಲ್ಲ ಎಂದ ಪೆಲೇಜಿಯಸ್‌ನ ಮೇಲೆ ಹಟ ಹಿಡಿದದ್ದೂ ಇದಕ್ಕೇ. ನಾನು ಅರ್ಧವನ್ನೇ ಕೈಬಿಟ್ಟಿದ್ದೆ. ಆ ಅಧ್ಯಾಯ ಹರಿದು ಮತ್ತೆ ಬರೆಯುವಷ್ಟರಲ್ಲಿ ಒಂದು ವರ್ಷ ಹೋಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೇನೆ. ಸಮಾನಪದ ಬೇಡ, ಶಾಸ್ತ್ರಗಳ ನಡುವಿನ ಜಗಳ ಹುಡುಕಿ. 1960ರಲ್ಲಿ ದೇವಶಾಸ್ತ್ರಜ್ಞೆ ವ್ಯಾಲರಿ ಸೇವಿಂಗ್ ಮಾನವಶಾಸ್ತ್ರ ಓದಿಕೊಂಡು ಬಂದು, ಪಾಪದ ಬೇರು ಅಹಂಕಾರ ಎಂಬ ಅಮೆರಿಕದ ದೇವಶಾಸ್ತ್ರಜ್ಞ ನೀಬೂರ್ ಅವರ ಮಾತಿಗೇ ಕೈ ಹಾಕಿದರು: ಅದು ಗಂಡಸರ ಅನುಭವ, ಹೆಣ್ಣಿನ ಅಪಾಯ ತನ್ನನ್ನೇ ಕರಗಿಸಿಕೊಳ್ಳುವುದು ಎಂದು. ಭಾಷಾಶಾಸ್ತ್ರವೂ ಸುಮ್ಮನಿರುವುದಿಲ್ಲ. ಬೈಬಲಿನ ರೋಮಾಪುರದವರಿಗೆ ಬರೆದ ಪತ್ರದ 5:12ನ್ನು ಅಗಸ್ಟೀನ್ ಲ್ಯಾಟಿನ್ನಿನಲ್ಲಿ 'ಅವನಲ್ಲಿ (ಆದಾಮನಲ್ಲಿ) ಎಲ್ಲರೂ ಪಾಪ ಮಾಡಿದರು' ಎಂದು ಓದಿಕೊಂಡರು. ಗ್ರೀಕ್ ಬಲ್ಲ ಹೆಚ್ಚಿನವರು ಈಗ ಅಲ್ಲಿ 'ಯಾಕೆಂದರೆ ಎಲ್ಲರೂ ಪಾಪ ಮಾಡಿದರು' ಎಂದು ಓದುತ್ತಾರೆ. ಆದಾಮನ ಪಾಲು ಎಷ್ಟು, ನಮ್ಮ ಪಾಲು ಎಷ್ಟು ಎಂಬ ಲೆಕ್ಕವೇ ಅಲ್ಲಿಂದ ಅಲ್ಲಾಡುತ್ತದೆ.

ಕ್ಷೇತ್ರಕಾರ್ಯಕ್ಕೆ ಒಂದೇ ಮನೆಗೆ ಹೋಗಿ, ನಾಲ್ಕು ಸಲ ಹೋಗಿ. ಗೈಡ್ ಕೋಷ್ಟಕ ಬೇಕೇಬೇಕು ಅಂದರೆ ಅನುಬಂಧಕ್ಕೆ ಹಾಕಿಬಿಡಿ.