ಗಂಡನ ಸಹಿ ಬೇಕಾಗಿಲ್ಲ

ಪ್ರಶ್ನೆ: ಡಾಕ್ಟರ್ ಬಾಯಾರಿಗೆ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ನಾನು ಮತ್ತು ನನ್ನ ಗೆಳತಿ ಸಂಸಾರ ಹೂಡಿದ್ದೇವೆ. ನನಗೆ 33, ಅವಳಿಗೆ 39, ಅವಳಿಗೆ ಥೈರಾಯ್ಡ್ ಇದೆ. ನಮಗೊಂದು ಕೂಸು ಬೇಕು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೇಳಿದರೆ "ಗಂಡನ್ನ ಕರ್ಕೊಂಡ ಬರ್ರಿ, ಸಹಿ ಬೇಕು" ಎಂದು ಕಳಿಸಿಬಿಟ್ಟರು. ಗದಗಿನ ಗೆಳೆಯನೊಬ್ಬ ವೀರ್ಯ ಕೊಡಲು ಒಪ್ಪಿದ್ದಾನೆ. ಸಿರಿಂಜ್ ತಂದು ಮನೆಯಲ್ಲೇ ಮಾಡಿಕೊಳ್ಳಬಹುದೇ? ಅವಳ ಅಂಡಾಣು ನನ್ನ ಗರ್ಭದಲ್ಲಿ ಇಡಲು ಬರುತ್ತದೆಯೇ? ತಂದೆಯ ಹೆಸರು ಏನು ಬರೆಸುವುದು?
– ಹೆಸರು ಬೇಡ, ಧಾರವಾಡ

ಉತ್ತರ: ತಂಗಿ, ಪತ್ರ ಓದಿ ನನಗೆ ಸಿಟ್ಟು ಬಂದದ್ದು ಸಹಿ ಕೇಳಿದವರ ಮೇಲೆ. 2022ರ ಜನವರಿ 25ರಿಂದ ಜಾರಿಯಲ್ಲಿರುವ ಸಂತಾನೋತ್ಪತ್ತಿ ನೆರವಿನ ಕಾಯ್ದೆಯಲ್ಲಿ 21 ದಾಟಿದ, 50 ತುಂಬದ ಒಂಟಿ ಹೆಣ್ಣಿಗೂ ಈ ಚಿಕಿತ್ಸೆಗೆ ಅವಕಾಶವಿದೆ. ಗಂಡನೇ ಇಲ್ಲದವಳು ಯಾರ ಸಹಿ ತರಬೇಕು? ನೋಂದಣಿ ಇರುವ ಇನ್ನೊಂದು ಆಸ್ಪತ್ರೆಗೆ ಹೋಗಿ, ಒಳಗೆ ಕಾಲಿಡುವ ಮೊದಲೇ ಫೋನಿನಲ್ಲಿ "ಮದುವೆಯಾಗದ ಹೆಣ್ಣಿಗೆ ದಾನಿ ವೀರ್ಯದ ಐಯುಐ ಮಾಡುತ್ತೀರಾ" ಎಂದು ನೇರವಾಗಿ ಕೇಳಿ. ಐಯುಐ ಎಂದರೆ ವೀರ್ಯವನ್ನು ನಳಿಕೆಯಿಂದ ನೇರ ಗರ್ಭಕೋಶದೊಳಗೆ ಬಿಡುವುದು. ಫಾರಂನಲ್ಲಿ ಅವಿವಾಹಿತೆ ಎಂದೇ ಬರೆಯಿರಿ, ಅದು ನಿಜವೇ. ಗೆಳತಿಯನ್ನು ಅಕ್ಕ ಎಂದು ಮಾತ್ರ ಬರೆಸಬೇಡಿ.

ಸಿರಿಂಜಿನ ಯೋಚನೆ ಬಿಟ್ಟುಬಿಡಿ. ವೀರ್ಯ ಬ್ಯಾಂಕಿನಿಂದ ಬರುವ ದಾನಿ ವೀರ್ಯಕ್ಕೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಆಗಿರುತ್ತದೆ. ಗೆಳೆಯ ಎಷ್ಟೇ ಒಳ್ಳೆಯವನಾದರೂ ಸೋಂಕು ಮುಖ ನೋಡಿ ತಿಳಿಯುವುದಿಲ್ಲ. ನನಗೆ ಅದಕ್ಕಿಂತ ದೊಡ್ಡ ಭಯ ಬೇರೆ. ಬ್ಯಾಂಕಿನ ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಮನೆಯಲ್ಲಿ ಮಾಡಿಕೊಂಡರೆ ಆ ರಕ್ಷಣೆ ನಿಮಗಿಲ್ಲ. ನಾಳೆ ಅವನಿಗೆ ಮದುವೆಯಾಗಿ, ಮಕ್ಕಳಾಗದೆ, ಅವನ ತಾಯಿ ನಿಮ್ಮ ಬಾಗಿಲಿಗೆ ಬಂದು "ಅದು ನಮ್ಮ ಕೂಸು, ಕೊಡ್ರಿ" ಎಂದರೆ ಏನು ಮಾಡುತ್ತೀರಿ? ಅವನನ್ನೇ ಆಸ್ಪತ್ರೆಗೆ ಕರೆದೊಯ್ಯುವುದೂ ನಡೆಯದು. ವೀರ್ಯ ಬ್ಯಾಂಕಿನಿಂದಲೇ ಬರಬೇಕು, ದಾನಿ ಯಾರೆಂದು ನಿಮಗೆ ತಿಳಿಯಬಾರದು.

ಗೆಳತಿಯ ಅಂಡಾಣುವಿನ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಆಗುವುದಿಲ್ಲ. ಅಂಡಾಣು ದಾನವೂ ಬ್ಯಾಂಕಿನ ಮೂಲಕವೇ ಆಗಬೇಕು, ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು. ಹೆರುವವರು ನೀವೇ ಆಗಿರಿ ಎನ್ನುತ್ತೇನೆ. ಥೈರಾಯ್ಡ್ ಹತೋಟಿಯಲ್ಲಿದ್ದರೆ ಅಡ್ಡಿಯಲ್ಲ, ಆದರೆ 35 ದಾಟಿದ ಮೇಲೆ ಅಂಡಾಣು ಕಡಿಮೆಯಾಗುತ್ತಾ ಗರ್ಭಪಾತ ಹೆಚ್ಚುತ್ತದೆ.

ಇವತ್ತಿನಿಂದಲೇ ದಿನಾ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಿ. ಹಿಮೋಗ್ಲೋಬಿನ್, ನಿಮ್ಮದೂ ಥೈರಾಯ್ಡ್, ರುಬೆಲ್ಲಾ ಪರೀಕ್ಷೆ ಮಾಡಿಸಿ. ರುಬೆಲ್ಲಾ ನಿರೋಧಕ ಶಕ್ತಿ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು. ಗರ್ಭನಾಳ ತೆರೆದಿದೆಯೇ ಎಂದು ಎಕ್ಸ್‌ರೇಯಲ್ಲಿ ನೋಡುತ್ತಾರೆ, ಆಗ ಮುಟ್ಟಿನ ನೋವಿನಂತೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಐಯುಐ ಅಷ್ಟೂ ನೋವಿಲ್ಲ. ಸ್ಕ್ಯಾನಿನಲ್ಲಿ ಅಂಡಕೋಶದ ಗುಳ್ಳೆ 18–20 ಮಿಲಿಮೀಟರ್ ಬೆಳೆದಾಗ ಅಂಡಾಣು ಹೊರಬರಲು ಇಂಜೆಕ್ಷನ್ ಕೊಟ್ಟು, ಸುಮಾರು 36 ಗಂಟೆಗೆ ಮೆತ್ತನೆಯ ಸಣ್ಣ ನಳಿಕೆಯಿಂದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುತ್ತಾರೆ. ಫ್ರೀಜ್ ಮಾಡಿದ ವೀರ್ಯ ಕರಗಿಸಿದ ಮೇಲೆ ಹೆಚ್ಚು ಕಾಲ ಬದುಕುವುದಿಲ್ಲ, ಅದಕ್ಕೇ ಗಂಟೆಯ ಲೆಕ್ಕ ಇಷ್ಟು ಬಿಗಿ. ಒಂದು ಸಲಕ್ಕೆ 100ರಲ್ಲಿ 10–15 ಮಂದಿಗೆ ಗರ್ಭ ನಿಲ್ಲುತ್ತದೆ. ಮೊದಲ ತಿಂಗಳು ಮುಟ್ಟಾದರೆ ನಿಮ್ಮ ದೇಹವನ್ನು ಬೈದುಕೊಳ್ಳಬೇಡಿ. ನಾಳ ತೆರೆದಿದ್ದು ಉಳಿದದ್ದೂ ಸರಿಯಿದ್ದರೆ ಮೊದಲ ದಿನವೇ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭದಲ್ಲಿ ಇಡುವುದು) ಎನ್ನುವವರಿಗೆ ಕಾರಣ ಕೇಳಿ.

ತಂದೆಯ ಜಾಗ ಖಾಲಿ ಬಿಡಿಸಿ, ಯಾರದೋ ಹೆಸರು ತುಂಬಿಸಬೇಡಿ. ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿದೆ. ಮಹಾನಗರ ಪಾಲಿಕೆಯಲ್ಲಿ ತಕರಾರು ತೆಗೆದರೆ ಆ ತೀರ್ಪಿನ ಪ್ರತಿ ಮುಂದಿಡಿ.

ಗೆಳತಿಯ ವಿಷಯ ಬರೆಯುವಾಗ ನನ್ನ ಕೈ ಭಾರವಾಗುತ್ತದೆ. ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗಿಗಳಿಗೆ ಮದುವೆಯ ಹಕ್ಕು ಸಿಗಲಿಲ್ಲ, ಹಾಗಾಗಿ ರಾತ್ರಿಯೆಲ್ಲ ಕೂಸನ್ನು ಎತ್ತಿಕೊಂಡು ತಿರುಗುವ ಅವಳ ಹೆಸರು ತಾಯಿ ಎಂದು ಎಲ್ಲೂ ಬರುವುದಿಲ್ಲ. ಇದು ಅನ್ಯಾಯ. ಆದರೂ ಮಾಡಬಹುದಾದದ್ದು ಇದೆ. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯಂತೆ, ನಿಮ್ಮ ನಂತರ ಮಗುವಿನ ಪಾಲಕಳು ಅವಳೇ ಎಂದು ನೀವು ಮೃತ್ಯುಪತ್ರದಲ್ಲಿ ಬರೆಯಬಹುದು. ನೀವು ಬೇರೆ ಧರ್ಮದವರಾದರೆ ನಿಯಮ ಬೇರೆ, ವಕೀಲರನ್ನು ಕೇಳಿ. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಕೇಳದೆ ಉಚಿತ ನೆರವು ಕೊಡುತ್ತಾರೆ. ಕುಬಸ ಆಗುವುದರೊಳಗೆ ಕರಡು ಮಾಡಿಸಿ, ಕೂಸು ಹುಟ್ಟಿದ ಕೂಡಲೇ ಸಹಿ ಹಾಕಿ ನೋಂದಣಿ ಮಾಡಿಸಿ. ಆಸ್ಪತ್ರೆಯ ಕೌನ್ಸೆಲಿಂಗಿಗೆ ಇಬ್ಬರೂ ಕೂತುಕೊಳ್ಳಿ, ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಲು ಒಪ್ಪಬೇಡಿ.