ಮಂಚದ ಕೆಳಗಿನ ಎಂಟು ಬಾಕ್ಸ್‌ಗಳು

(ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಶಾಂತಕ್ಕನಿಗೆ 53 ವರ್ಷ. ಹಾವೇರಿ ಜಿಲ್ಲೆಯವರು, ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನಾನು ಆಪ್ತಸಮಾಲೋಚಕಿ. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಬಂದರು. ನಾಲ್ಕು ತಿಂಗಳಿಂದ ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ಬೆಳಗಿನ ತನಕ ಹೊರಳಾಟ. ಆ ಹೊತ್ತಿನಲ್ಲಿ ಏನು ನೆನಪಾಗುತ್ತದೆ ಎಂದು ಕೇಳಿದೆ.

"ಮಂಚದ ಕೆಳಗ ಎಂಟು ಬಾಕ್ಸ್ ಅದಾವ್ರೀ ಮೇಡಂ. ಅವೇ ನೆನಪಾಗ್ತಾವ."

ಬಾಕ್ಸ್‌ಗಳಲ್ಲಿ ಇದ್ದದ್ದು ಅವರ ಮೊದಲ ಕಾದಂಬರಿ. ಆರು ವರ್ಷ ಕೂತು ಬರೆದದ್ದು. ಇಬ್ಬರು ಪ್ರಕಾಶಕರಿಗೆ ಕಳಿಸಿ, ವರ್ಷ ಕಾದು, ಉತ್ತರ ಬಾರದೆ ತಾವೇ ಅಚ್ಚು ಹಾಕಿಸಿದರು. 216 ಪುಟ, 500 ಪ್ರತಿ. ಡಿಟಿಪಿ (ಅಕ್ಷರ ಜೋಡಣೆ), ಮುಖಪುಟ, ಮುದ್ರಣ ಎಲ್ಲಾ ಸೇರಿ 68,000 ರೂಪಾಯಿ. ಮಗಳ ಮದುವೆಗೆಂದು ಎತ್ತಿದ ಚೀಟಿ ಹಣ ಅದು. ಬೆಲೆ 230 ಇಟ್ಟರು. ಅಂಗಡಿಯವರು ಶೇ 40 ಕಮಿಷನ್ ಹಿಡಿದರೆ ಕೈಗೆ ಬರುವುದು 138. ಒಂದು ಪ್ರತಿಗೆ ಬಿದ್ದ ಖರ್ಚೇ 136. ಈ ಲೆಕ್ಕವನ್ನು ಅವರು ಅಚ್ಚಾದ ಮೇಲೆ ಮಾಡಿದರು.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೊಡಿಸಲು ಒಬ್ಬರು 4,000 ತೆಗೆದುಕೊಂಡಿದ್ದರು. ಅದನ್ನು ರಾಜಾ ರಾಮಮೋಹನ್ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿ ಪುಕ್ಕಟೆ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು ಎನ್ನುವುದು ಆಮೇಲೆ ಗೊತ್ತಾಯಿತು. ಸಾರ್ವಜನಿಕ ಗ್ರಂಥಾಲಯಗಳಿಗೆ ರಾಜ್ಯ ಸರ್ಕಾರ ಪುಸ್ತಕ ಕೊಳ್ಳುವ ಏಕಗವಾಕ್ಷಿ ಯೋಜನೆಯಲ್ಲಿ ಪುಸ್ತಕ ಆಯ್ಕೆಯಾದರೆ 300 ಪ್ರತಿವರೆಗೆ ಕೊಳ್ಳುತ್ತಾರೆ. ಅದಕ್ಕೆ ಅರ್ಜಿ ಹಾಕುವ ಕೊನೆಯ ದಿನವೂ ಕಳೆದುಹೋಗಿತ್ತು. ಹೀಗೆ ಗೊತ್ತಾಗುತ್ತಾ ಹೋದ ಒಂದೊಂದು ಸಂಗತಿಯೂ ಅವರಿಗೆ 'ನೀನು ದಡ್ಡಿ' ಎಂದು ಹೇಳಿದಂತೆ ಕೇಳಿಸಿತು.

ಮೊದಲ ಭೇಟಿಯಲ್ಲಿ ನಾನು ಪುಸ್ತಕದ ಮಾತು ಜಾಸ್ತಿ ಆಡಲಿಲ್ಲ. ಊಟ, ತೂಕ, ಶಾಲೆಯಲ್ಲಿ ಮನಸ್ಸು ನಿಲ್ಲುತ್ತದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಬಂದಿಲ್ಲ ಎಂದರು. ರಾತ್ರಿ ತೀರಾ ಕಷ್ಟವಾದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ನೋಡೋಣ ಎಂದೂ ಹೇಳಿದೆ.

ಎರಡನೇ ಸಲ ಅವರು ಅತ್ತದ್ದು ದುಡ್ಡಿಗಲ್ಲ. ಸುಮಾರು 120 ಪ್ರತಿಗಳನ್ನು ನೆಂಟರಿಗೆ, ಸಹೋದ್ಯೋಗಿಗಳಿಗೆ ಸುಮ್ನೆ ಹಂಚಿದ್ದರು. ಎಲ್ಲರೂ ಮುಖಪುಟ ಚೆನ್ನಾಗಿದೆ ಎಂದರು. ಒಳಗಿನ ಬಗ್ಗೆ ಮಾತಾಡಿದವರು ಮೂವರೇ. ಯಜಮಾನರು ಇನ್ನೂ ಪುಟ ತೆರೆದಿರಲಿಲ್ಲ. ಪುಸ್ತಕ ಬರೆದವರಿಗೆ ಇದಕ್ಕಿಂತ ದೊಡ್ಡ ನೋವಿಲ್ಲ ಎಂದು ನನಗೆ ಅನಿಸುತ್ತದೆ. ಬೈದಿದ್ದರೂ ಓದಿದ್ದಾರೆ ಎಂಬ ಸಮಾಧಾನವಾದರೂ ಇರುತ್ತಿತ್ತು, ಅಲ್ವಾ?

ಮೂರನೇ ಭೇಟಿಯಲ್ಲಿ ಅಸಲು ವಿಷಯ ಬಂತು. ಪುಟ 137ರಲ್ಲಿ ಗಂಗವ್ವ ಎಂಬ ಪಾತ್ರ ಗೌರವ್ವ ಆಗಿಬಿಟ್ಟಿದ್ದಾಳೆ. ಮೊದಲ ಕರಡಿನಲ್ಲಿದ್ದ ಹೆಸರು ಹಾಗೇ ಉಳಿದುಹೋಗಿತ್ತು. ಪ್ರೂಫ್ ನೋಡಿದವರು ಅವರೊಬ್ಬರೇ. ಅದು ಕಣ್ಣಿಗೆ ಬಿದ್ದ ದಿನದಿಂದ ಒಂದು ಪ್ರತಿಯನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅಂದರೆ ಆ ಬಾಕ್ಸ್‌ಗಳನ್ನು ಅವರು ಮಾರಲು ಹೊರಟೇ ಇರಲಿಲ್ಲ, ಮುಚ್ಚಿಟ್ಟಿದ್ದರು.

"ನಮ್ಮ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ರು. ನನಗ ನಾಕು ಪ್ರತಿ ಹಿಡದು ಓಣಿ ದಾಟಾಕ ಆಗವಲ್ದು," ಎಂದರು.

ಗಳಗನಾಥರು ಹಾವೇರಿ ಕಡೆಯ ಹಳೆಯ ಕಾದಂಬರಿಕಾರರು. ಆ ಹೋಲಿಕೆಯನ್ನು ಶಾಂತಕ್ಕ ತಮ್ಮನ್ನು ಹೊಡೆದುಕೊಳ್ಳಲು ಬಳಸುತ್ತಿದ್ದರು. ನಾನು ಅದನ್ನೇ ಹಿಡಿದುಕೊಂಡೆ. ಗಳಗನಾಥರು ಬರೆಯುವಾಗ ಲೇಖಕರು, ಗಂಟು ಹೊತ್ತಾಗ ವ್ಯಾಪಾರಿ. ಅವು ಎರಡು ಬೇರೆ ಕೆಲಸ. ನೀವು ಒಂದರಲ್ಲಿ ಆರು ವರ್ಷ ಪಳಗಿದವರು, ಇನ್ನೊಂದರಲ್ಲಿ ನಾಲ್ಕು ತಿಂಗಳ ಹೊಸಬರು. ಹೊಸಬಳ ತಪ್ಪಿಗೆ ಬರಹಗಾರ್ತಿಯನ್ನು ಯಾಕೆ ಶಿಕ್ಷಿಸುತ್ತೀರಿ? ಅವರು ತುಂಬಾ ಹೊತ್ತು ಸುಮ್ಮನೆ ಕೂತರು.

ನಾನು ಕೊಟ್ಟ ಸಲಹೆ ಇಷ್ಟು. 68,000ವನ್ನು ಸಾಲ ಎಂದುಕೊಳ್ಳಿ, ತಿಂಗಳಿಗೆ ಇಷ್ಟು ಎಂದು ಚೀಟಿಯ ಖಾತೆಗೆ ತುಂಬಿ. ಪುಸ್ತಕ ಮಾರಿಯೇ ತೀರಿಸಬೇಕು ಎಂಬ ಭಾರ ಅದರ ಮೇಲೆ ಹಾಕಬೇಡಿ. ಯಜಮಾನರಿಗೆ 'ಓದಿದ್ರಾ' ಎಂದು ಕೇಳುವ ಬದಲು, ಅವರು ಓದದೆ ಇದ್ದದ್ದು ನೋವಾಗಿದೆ ಎಂದು ಒಂದು ಸಲ ಬಾಯಿಬಿಟ್ಟು ಹೇಳಿ. ಮತ್ತೆ ಪುಟ 137ಕ್ಕೆ ಒಂದು ಒಪ್ಪೋಲೆ ಮಾಡಿಸಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ತಪ್ಪು ತಿದ್ದಿದ ಪುಟ್ಟ ಹಾಳೆ ಇರುತ್ತಿತ್ತಲ್ಲ, ಅದೇ. ಮುಚ್ಚಿಟ್ಟಷ್ಟೂ ತಪ್ಪು ದೊಡ್ಡದಾಗುತ್ತಲೇ ಹೋಗುತ್ತದೆ.

ಒಪ್ಪೋಲೆ ಅಂಟಿಸಲು ಒಂದು ವಾರ ಹಿಡಿಯಿತಂತೆ. ಗೋಂದಿನ ಬಾಟ್ಲಿ ಹಿಡಿದು ಯಜಮಾನರೂ ಕೂತರು. ಅಂಟಿಸುತ್ತಾ ಓದಲು ಶುರು ಮಾಡಿದರು. ನಾನು ಕೊನೆಯದಾಗಿ ಕೇಳಿದಾಗ ಪುಟ 60ರ ಹತ್ತಿರ ಇದ್ದರು. ಅಷ್ಟೇ.

ಸುತ್ತಲಿನ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ, ಅಂದರೆ ಹಳ್ಳಿ ಗ್ರಂಥಾಲಯಗಳಿಗೆ, ಶಾಂತಕ್ಕ ತಾವೇ ಹೋಗಿ ಎರಡೆರಡು ಪ್ರತಿ ಕೊಟ್ಟು ಬಂದರು. ತಿಂಗಳ ಮೇಲೆ ಒಂದು ಫೋನ್ ಬಂತು. ಹೊಲಿಗೆ ಮಾಡುವ ಹೆಣ್ಣುಮಗಳು. "ನಮ್ಮವ್ವನ ಕಥಿ ನಿಮಗ ಯಾರು ಹೇಳಿದ್ರೀ?" ಎಂದು ಕೇಳಿದಳಂತೆ. ಇದನ್ನು ಹೇಳುವಾಗ ಶಾಂತಕ್ಕನ ಮುಖ ನೋಡಬೇಕಿತ್ತು. ನಿದ್ದೆ ಅದಕ್ಕೆ ಮೊದಲೇ ಸರಿಯಾಗಿತ್ತು, ಆ ಫೋನಿನಿಂದ ಅಲ್ಲ. ಆದರೆ ಆ ದಿನ ಅವರು ಬೇರೆಯೇ ಮನುಷ್ಯರಂತೆ ಕಂಡರು.

ಮೊದಲ ದಿನವೇ ಅವರು ನನಗೊಂದು ಪ್ರತಿ ತಂದಿದ್ದರು. ಆಗ ತೆಗೆದುಕೊಳ್ಳಲಿಲ್ಲ. ನನ್ನ ಅಭಿಪ್ರಾಯವೂ ಅವರಿಗೆ ಇನ್ನೊಂದು ಪರೀಕ್ಷೆ ಆಗಬಾರದಿತ್ತು. ಕೊನೆಯ ಭೇಟಿ ಮುಗಿದ ಮೇಲೆ 230 ರೂಪಾಯಿ ಕೊಟ್ಟು ಕೊಂಡೆ. ಬೇಡ ಎನ್ನದೆ ಎಣಿಸಿ ಪರ್ಸಿಗೆ ಹಾಕಿಕೊಂಡರು. ಮನೆಯಲ್ಲಿ ಇನ್ನು ಐದು ಬಾಕ್ಸ್ ಇವೆ, ಮಂಚದ ಕೆಳಗಿನಿಂದ ಎತ್ತಿ ಪಡಸಾಲೆಯಲ್ಲಿ ಬಾಗಿಲ ಪಕ್ಕ ಇಟ್ಟಿದ್ದೇವೆ ಎಂದರು.